ನಮ್ಮ ಗುರುತು ಕೇಳುವ ಟವರ್‌ನ ಗುರುತು ಕೇಳೋರು ಯಾರು?

ಹೊಸ ಸಿಮ್ ತಗೊಳ್ಳೋಕೆ ಹೋದ್ರೆ ಆಧಾರ್ ಕೇಳ್ತಾರೆ, ಫೋಟೋ ತೆಗೀತಾರೆ. ನಾವು ಯಾರು ಅಂತ ಇಷ್ಟೆಲ್ಲಾ ಸಾಬೀತು ಮಾಡಿಸಿಕೊಳ್ಳುವ ನೆಟ್‌ವರ್ಕ್, ತಾನು ಯಾರು ಅಂತ ನಮ್ಮ ಫೋನಿಗೆ ಸಾಬೀತು ಮಾಡುತ್ತಾ? ಫೋನು 2ಜಿಯಲ್ಲಿದ್ದರೆ, ಇಲ್ಲ.

1980ರ ದಶಕದಲ್ಲಿ ರೂಪುಗೊಂಡ 2ಜಿ ತಂತ್ರಜ್ಞಾನದಲ್ಲಿ ಟವರ್ ಸಿಮ್ ಅನ್ನು ಪರೀಕ್ಷಿಸುತ್ತದೆ. ಟವರ್ ಅಸಲಿಯೋ ನಕಲಿಯೋ ಅಂತ ನೋಡುವ ದಾರಿ ಫೋನಿಗಿಲ್ಲ. ಈ ತಪ್ಪನ್ನು 3ಜಿಯಲ್ಲಿ ಸರಿಪಡಿಸಿದರು. ಆದರೆ ನಮ್ಮ 4ಜಿ ಫೋನುಗಳು ಇವತ್ತಿಗೂ 2ಜಿ ಸಿಕ್ಕರೆ ಒಪ್ಪಿಕೊಳ್ಳುತ್ತವೆ. ವಂಚಕರಿಗೆ ಇಷ್ಟು ಸಾಕು.

2024ರ ನವೆಂಬರ್‌ನಲ್ಲಿ ಬ್ಯಾಂಕಾಕ್ ಪೊಲೀಸರು ಒಂದು ವ್ಯಾನ್ ಹಿಡಿದರು. ಅದರೊಳಗಿದ್ದದ್ದು ಪುಟ್ಟ ನಕಲಿ ಟವರ್. ಸುತ್ತಲಿನ ಫೋನುಗಳನ್ನು ತನ್ನತ್ತ ಸೆಳೆದು ಮೂರು ದಿನದಲ್ಲಿ ಹತ್ತಿರಹತ್ತಿರ 10 ಲಕ್ಷ ಮೋಸದ ಎಸ್ಸೆಮ್ಮೆಸ್ ಕಳಿಸಿತ್ತು. 2025ರಲ್ಲಿ ಲಂಡನ್‌ನಲ್ಲೂ ಕಾರಿನಲ್ಲಿ ಇಂಥದೇ ಯಂತ್ರ ಇಟ್ಟುಕೊಂಡು ತಿರುಗಿದವನಿಗೆ ಜೈಲಾಯಿತು.

ಇದು ನಮಗೂ ಯಾಕೆ ಮುಖ್ಯ? ಭಾರತದಲ್ಲಿ ಕಂಪನಿಗಳು ಎಸ್ಸೆಮ್ಮೆಸ್ ಕಳಿಸಬೇಕಾದರೆ ಹೆಸರು, ಒಕ್ಕಣೆ ಎರಡನ್ನೂ ಟ್ರಾಯ್ ನಿಯಮದಂತೆ ಮೊದಲೇ ನೋಂದಾಯಿಸಬೇಕು. ಒಳ್ಳೆಯ ಬೇಲಿಯೇ. ಆದರೆ ನಕಲಿ ಟವರ್‌ನ ಸಂದೇಶ ಏರ್‌ಟೆಲ್, ಜಿಯೋ ಯಾರ ಜಾಲದೊಳಗೂ ಬರೋದೇ ಇಲ್ಲ, ನೇರ ಫೋನಿಗೆ ಬೀಳುತ್ತೆ. ಕಳಿಸಿದವರ ಜಾಗದಲ್ಲಿ ನಿಮ್ಮ ಬ್ಯಾಂಕಿನ ಹೆಸರನ್ನೇ ತೋರಿಸಬಹುದು.

ಪತ್ತೆ ಹಚ್ಚೋಕೆ ಆಗಲ್ವಾ? ಆಗುತ್ತೆ. ಫೋನುಗಳು ತಮ್ಮ ಸುತ್ತ ಯಾವ ಟವರ್‌ಗಳು ಕಾಣುತ್ತಿವೆ ಅಂತ ನೆಟ್‌ವರ್ಕ್‌ಗೆ ವರದಿ ಮಾಡುತ್ತಲೇ ಇರುತ್ತವೆ. ಪಟ್ಟಿಯಲ್ಲಿಲ್ಲದ ಟವರ್ ಕಂಡರೆ, ಒಂದೇ ರಸ್ತೆಯ ನೂರಾರು ಫೋನು ಒಟ್ಟಿಗೆ ಮಾಯವಾಗಿ ಮತ್ತೆ ಹಾಜರಾದರೆ, ಕಂಪನಿಗೆ ಅನುಮಾನ ಬರಲೇಬೇಕು. ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್ಎಫ್, ಅಗ್ಗದ ಹಾಟ್‌ಸ್ಪಾಟ್ ಸಾಧನದಲ್ಲೇ ಓಡುವ 'ರೇಹಂಟರ್' ಎಂಬ ಪತ್ತೆ ತಂತ್ರಾಂಶವನ್ನು 2025ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದೆ.

ಹಾಗಾದ್ರೆ ತೂತು ಮುಚ್ಚೋಕೆ ಯಾಕೆ ಅವಸರವಿಲ್ಲ? ನನ್ನ ಅನುಮಾನ ಇಷ್ಟೇ: ಕಳ್ಳ ಬಳಸುವ ತೂತನ್ನೇ ಪ್ರಭುತ್ವಗಳೂ ಬಳಸುತ್ತವೆ. ಐಎಂಎಸ್ಐ ಕ್ಯಾಚರ್ ಅಂತ ಕರೆಯುವ ಪೊಲೀಸ್ ಯಂತ್ರವೂ ಟವರ್‌ನ ವೇಷ ಹಾಕಿಯೇ ಕೆಲಸ ಮಾಡೋದು. ನಮ್ಮಲ್ಲಿ ಫೋನ್ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಸಾಕು, ನ್ಯಾಯಾಧೀಶರ ಅನುಮತಿ ಬೇಕಿಲ್ಲ. 2023ರ ದೂರಸಂಪರ್ಕ ಕಾಯ್ದೆ ಗುರುತು ತಿರುಚುವವರಿಗೆ ಮೂರು ವರ್ಷದವರೆಗೆ ಜೈಲು ಅನ್ನುತ್ತೆ, ಸರಿ. ಹಿಡಿಯೋ ಸಾಧನ ಜನರ ಕೈಗೆ ಕೊಡುವ ಮಾತು ಮಾತ್ರ ಅದರಲ್ಲಿಲ್ಲ.

'2ಜಿ ಆಫ್ ಮಾಡ್ಕೊಳ್ಳಿ' ಅನ್ನೋ ಸಲಹೆ ಕೆಲವು ಆಂಡ್ರಾಯ್ಡ್ ಫೋನ್ ಇರೋರಿಗೆ ಉಪಯೋಗಕ್ಕೆ ಬರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಇದ್ದರೆ ಇವತ್ತೇ ಮಾಡಿ. ಆದರೆ 2ಜಿ ಬಟನ್ ಫೋನಿನಲ್ಲಿ *99# ಒತ್ತಿ ಬ್ಯಾಂಕ್ ಬ್ಯಾಲೆನ್ಸ್ ನೋಡುವ ಕೂಲಿಕಾರ್ಮಿಕರು ಏನು ಆಫ್ ಮಾಡ್ಬೇಕು? ಅವರ ಬಳಿ ಇರೋದೇ ಅದೊಂದು. ಅಗ್ಗದ 4ಜಿ ಫೋನ್ ಕೈಗಿಡದೆ 2ಜಿ ಮುಚ್ಚಿದರೂ ಏಟು ಬೀಳೋದು ಅವರಿಗೇ.

ಆದ್ದರಿಂದ ನಾವು ಕೇಳಬೇಕಾದ್ದು ಮೂರು. ನಕಲಿ ಟವರ್ ಪತ್ತೆಯಾದಾಗಲೆಲ್ಲ ಕಂಪನಿಗಳು ಆ ಪ್ರದೇಶದ ಜನರಿಗೆ ತಿಳಿಸಲಿ. ಇಲ್ಲಿ ಮಾರುವ ಪ್ರತಿ ಸ್ಮಾರ್ಟ್‌ಫೋನಿನಲ್ಲೂ 2ಜಿ ಆಫ್ ಮಾಡುವ ಆಯ್ಕೆ ಕಡ್ಡಾಯವಾಗಲಿ. ಪೊಲೀಸರು ಟವರ್‌ನ ವೇಷ ಹಾಕುವ ಮೊದಲು ನ್ಯಾಯಾಲಯದ ಅನುಮತಿ ಪಡೆಯಲಿ. ಪ್ರಜೆಯ ಗುರುತು ಕೇಳುವ ವ್ಯವಸ್ಥೆ ತನ್ನ ಗುರುತನ್ನೂ ತೋರಿಸಬೇಕು.