ಸೊಳ್ಳೆ ಅಕ್ಟೋಬರ್ 2ರವರೆಗೆ ಕಾಯುವುದಿಲ್ಲ



ಗಾಂಧಿ ಜಯಂತಿ ದಿನ ನಾವೆಲ್ಲ ಪೊರಕೆ ಹಿಡಿದು ಬೀದಿ ಗುಡಿಸುತ್ತೇವೆ. ಫೋಟೋ ತೆಗೀತಾರೆ, ಲಾಡು ಕೊಡ್ತಾರೆ, ಮುಗೀತು. ನಾನೂ ಅಷ್ಟೇ, ಬೇರೆಯವರನ್ನು ಬೈಯುತ್ತಿಲ್ಲ. ಆದರೆ ಊರಿನ ಕೆಲಸಕ್ಕೆ ವರ್ಷಕ್ಕೊಂದು ದಿನ ಸಾಲದು, ವಾರಕ್ಕೊಂದು ಗಂಟೆ ಬೇಕು ಎಂಬುದು ನನ್ನ ಅಭಿಪ್ರಾಯ.

ಹೋದ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಡೆಂಗ್ಯೂ ಬಂತು. ಕಣ್ಣಿನ ಹಿಂದೆ ನೋವು ಅಂತ ರಾತ್ರಿಯೆಲ್ಲ ಅಳುತ್ತಿದ್ದ. ಐದು ದಿನ ಆಸ್ಪತ್ರೆ. ಅವ್ವ ಕೂಲಿ ಬಿಟ್ಟು ಅವನ ಹತ್ತಿರ ಕೂತಳು. ಆಮೇಲೆ ಆಶಾ ಅಕ್ಕ ಮನೆಗೆ ಬಂದು ನಮ್ಮ ಬಚ್ಚಲ ತೊಟ್ಟಿಗೆ ಟಾರ್ಚ್ ಬಿಟ್ಟು ತೋರಿಸಿದರು. ಸಣ್ಣ ಸಣ್ಣ ಹುಳ ಕುಣಿಯುತ್ತಿದ್ದವು. ಮೊಟ್ಟೆ, ಲಾರ್ವಾ, ಪ್ಯೂಪಾ, ಸೊಳ್ಳೆ ಅಂತ ಚಿತ್ರ ಬರೆದು ನಾನು ಪೂರ್ತಿ ಅಂಕ ತಗೊಂಡಿದ್ದೆ. ದಿನಾ ಆ ತೊಟ್ಟಿಯಿಂದಲೇ ನೀರು ಮೊಗೆಯುತ್ತಿದ್ದೆ. ಒಂದು ದಿನವೂ ಬಗ್ಗಿ ನೋಡಿರಲಿಲ್ಲ!

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹಗಲು ಹೊತ್ತು ಕಚ್ಚುತ್ತದೆ. ಅದಕ್ಕೆ ಚರಂಡಿಗಿಂತ ನಿಂತ ತಿಳಿನೀರೇ ಇಷ್ಟ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಬೇಕು. ಬರೀ ಖಾಲಿ ಮಾಡಿದರೆ ಸಾಲದು, ಉಜ್ಜಬೇಕು. ಯಾಕೆಂದರೆ ಮೊಟ್ಟೆ ಒಳಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಇರುತ್ತದೆ. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಹಳ್ಳಿಗಳಲ್ಲಿ ಸುಮಾರು 1000 ಜನಕ್ಕೆ ಒಬ್ಬರು ಆಶಾ ಕಾರ್ಯಕರ್ತೆ. ಅವರೊಬ್ಬರೇ ಎಷ್ಟು ಮನೆ ತಿರುಗುತ್ತಾರೆ? ನಮ್ಮ ತರಗತಿಯಲ್ಲೇ 26 ಮಂದಿ ಇದ್ದೇವೆ.

ನಾವು ಮೂವರು ಗೆಳತಿಯರು ಮೂರು ಶನಿವಾರ ಹೋಗಿದ್ದೆವು. ಮೊದಲ ಮನೆಯಲ್ಲೇ ಅಜ್ಜಿ ಬೈದರು: "ಮೂರು ದಿನಕ್ಕೊಂದ್ಸಲ ನೀರು ಬಿಡ್ತಾರೆ, ಚೆಲ್ಲು ಅಂತೀಯಲ್ಲ, ನೀನು ಹೊತ್ತು ತರ್ತೀಯೇನೇ?" ಅಜ್ಜಿ ಹೇಳಿದ್ದು ಸರಿ. ಹಳೇ ಪಂಚೆಯಲ್ಲಿ ನೀರನ್ನು ಹಂಡೆಗೆ ಸೋಸಿ, ತೊಟ್ಟಿ ಉಜ್ಜಿ, ಅದೇ ನೀರು ವಾಪಸ್ ಹುಯ್ದು, ಬಾಯಿಗೆ ಬಟ್ಟೆ ಕಟ್ಟಿದೆವು. ಮುಂದಿನ ವಾರ ಅಜ್ಜಿಯೇ ಕರೆದರು, "ಬರ್ರವ್ವಾ, ನಂಗೆ ಬಗ್ಗಕ್ಕಾಗಲ್ಲ."

ಓದೋ ಮಕ್ಕಳಿಗೆ ಇದೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. ಓದಿದ್ದನ್ನು ತೊಟ್ಟಿಯಲ್ಲಿ ನೋಡೋದೂ ಓದೇ ಅಲ್ಲವೇ? ಇನ್ನೊಂದು ಮಾತು. ಹುಡುಗಿಯರಿಗೆ ಮನೆಕೆಲಸ ಮೊದಲೇ ಇದೆ, ಆದ್ದರಿಂದ ಹುಡುಗರು ಜಾಸ್ತಿ ಬರಬೇಕು. ಕಬಡ್ಡಿ ಒಂದು ಗಂಟೆ ತಡವಾದರೆ ಏನೂ ಆಗಲ್ಲ.

ಗುರುಗಳಲ್ಲಿ ನನ್ನ ವಿನಂತಿ: ಫೋಟೋ ಬೇಡ, ಅಂಕವೂ ಬೇಡ. ಒಂದು ಡಬ್ಬಿ ಚಾಕ್‌ಪೀಸ್ ಕೊಡಿ, ನೋಡಿದ ಮನೆಯ ಗೋಡೆ ಮೇಲೆ ತಾರೀಖು ಬರೆಯುತ್ತೇವೆ.

ಈ ಶನಿವಾರ ಬೆಲ್ ಹೊಡೆದ ಮೇಲೆ ಬನ್ನಿ. ಶಾಲೆ ಹಿಂದೆ ಬಿದ್ದಿರುವ ಎರಡು ಹಳೇ ಟೈರಿನಿಂದಲೇ ಶುರು ಮಾಡೋಣ. ನಿನ್ನೆ ಬಗ್ಗಿ ನೋಡಿದೆ, ಹುಳ ಇವೆ.

ಇಂತಿ,
ನಿಮ್ಮ ಸಹಪಾಠಿ, 7ನೇ ತರಗತಿ