ಕುಮ್ಕಿಯ ಹಕ್ಕು, ಕುಮ್ಕಿಯ ಹಕ್ಕಿ

ಕುಮ್ಕಿ ಎಂದರೇನೆಂದು ದಕ್ಷಿಣ ಕನ್ನಡದ ಸಿದ್ಧಕಟ್ಟೆಯ ಆಸುಪಾಸಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕದೀಮ್ ವರ್ಗ, ಅಂದರೆ ಹಳೆಯ ಪಟ್ಟಾ ಜಾಗದ ಅಂಚಿನಿಂದ 100 ಗಜದವರೆಗಿನ ಸರ್ಕಾರಿ ಗುಡ್ಡೆಯಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತೆಗೆಯಲು, ದನ ಮೇಯಿಸಲು ಕೃಷಿಕನಿಗಿರುವ ಅನುಕೂಲ ಅದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಬಾಣೆ, ಕಾನು, ಬೆಟ್ಟಗಳ ಜೊತೆಗೆ ಕುಮ್ಕಿಯ ಹೆಸರೂ ಇದೆ. ಹಕ್ಕುಪತ್ರ ಕೊಡಬೇಕೇ, ಗುತ್ತಿಗೆಗೆ ಬಿಡಬೇಕೇ, ನಿವೇಶನಕ್ಕೆ ಹಿಂದಕ್ಕೆ ಪಡೆಯಬೇಕೇ ಎಂಬ ಚರ್ಚೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ವರ್ಷಗಳಿಂದ ನಡೆದೇ ಇದೆ. ಆ ಚರ್ಚೆಯಲ್ಲಿ ಹಕ್ಕಿಗಳ ಮಾತು ಮಾತ್ರ ಕೇಳಿಬರುವುದಿಲ್ಲ. ಬರಬೇಕು. ಏಕೆಂದರೆ ಅಡಿಕೆ ತೋಟದ ಹಕ್ಕಿಗಳ ಅರ್ಧ ಬದುಕು ಇರುವುದು ತೋಟದಾಚೆಯ ಆ ಗುಡ್ಡೆಯಲ್ಲಿ.

ಇದು ಬರೀ ಊಹೆಯಲ್ಲ, ಕರಾವಳಿಯಲ್ಲೇ ಅಳೆದು ತೋರಿಸಿದ ಸಂಗತಿ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಸಂಶೋಧನೆಗೆ ಹೊರಟ ರಂಜಿತ್ ಡೇನಿಯಲ್ಸ್ ಉತ್ತರ ಕನ್ನಡದ ಹಕ್ಕಿಗಳ ಲೆಕ್ಕ ಹಿಡಿದರು. ಮುಂದೆ ಅವರು ಜೈ ರಂಗನಾಥನ್, ಎಂ.ಡಿ. ಸುಭಾಷ್ ಚಂದ್ರನ್, ಅಮೆರಿಕದ ಪಾಲ್ ಎರ್ಲಿಕ್ ಮತ್ತು ಗ್ರೆಚೆನ್ ಡೈಲಿ ಅವರೊಂದಿಗೆ ಸೇರಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಬೇಸಾಯ ನಡೆದಿರುವ ಆ ಸೀಮೆಯಲ್ಲಿ, ಕಾಡಿನ ಹಕ್ಕಿಗಳಲ್ಲಿ ಶೇ 90ರಷ್ಟು ಜಾತಿಗಳು ಅಡಿಕೆ ಕೃಷಿಯ ವ್ಯವಸ್ಥೆಯೊಳಗೆ ಇನ್ನೂ ಉಳಿದಿವೆ ಎಂದು ಅದು ತೋರಿಸಿತು. ಜಗತ್ತಿನ ಬೇರೆಡೆ ಕಾಡು ಕಡಿದು ಕೃಷಿ ಮಾಡಿದಲ್ಲಿ ಕೆಲವೇ ದಶಕಗಳಲ್ಲಿ ಹಕ್ಕಿಗಳು ಬರಿದಾದದ್ದನ್ನು ಕಂಡ ವಿಜ್ಞಾನಿಗಳಿಗೆ ಇದು ದೊಡ್ಡ ಸುದ್ದಿ.

ಅಧ್ಯಯನ ಕೊಟ್ಟ ಕಾರಣ ಎರಡು. ತೋಟದಲ್ಲಿ ಅಡಿಕೆಯೊಂದೇ ಇರಲಿಲ್ಲ. ಕೆಳಗೆ ಬಗೆಬಗೆಯ ಗಿಡಮರಗಳಿದ್ದವು. ಹಾಗಾಗಿ ನೆಲದಿಂದ ತುದಿಯವರೆಗೆ ಒಂದೊಂದು ಅಂತಸ್ತಿನಲ್ಲಿ ಒಂದೊಂದು ಹಕ್ಕಿಗೆ ಮೇವು ಸಿಗುತ್ತಿತ್ತು. ಎರಡನೆಯದು ತೋಟಕ್ಕೆ ಸೊಪ್ಪು, ತರಗೆಲೆ ಒದಗಿಸುವ ಕಾಡು. ಅಲ್ಲಿ ಅದು ಸೊಪ್ಪಿನಬೆಟ್ಟ, ಇಲ್ಲಿ ಕುಮ್ಕಿ. ಹಕ್ಕಿಯ ಮೇಲಿನ ಮರುಕದಿಂದ ಯಾರೂ ಆ ಕಾಡನ್ನು ಬಿಟ್ಟಿದ್ದಲ್ಲ. ಬುಡಕ್ಕೆ ಸೊಪ್ಪಿಲ್ಲದೆ ಅಡಿಕೆ ಏಳುವುದಿಲ್ಲವೆಂದು ಬಿಟ್ಟರು, ಹಕ್ಕಿ ಅದರಿಂದ ಬದುಕಿತು.

ಹಕ್ಕಿಗಳ ನಡವಳಿಕೆಯನ್ನು ಗಮನಿಸಿದರೆ ಈ ನಂಟು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಲಬಾರ್ ಬೂದು ಮಂಗಟ್ಟೆ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದಕ್ಕೆ ಮರಕುಟಿಕದ ಹಾಗೆ ಪೊಟರೆ ಕೊರೆದುಕೊಳ್ಳಲು ಬಾರದು. ಹಳೆಯ ದಪ್ಪ ಮರದಲ್ಲಿ ತಾನಾಗಿ ಆದ ಪೊಟರೆಯೇ ಬೇಕು. ಹೆಣ್ಣು ಒಳಗೆ ಕುಳಿತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟು. ಗಂಡು ವಾರಗಟ್ಟಲೆ ಗೋಳಿಹಣ್ಣು, ಕಾಡುಹಣ್ಣುಗಳನ್ನು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಆನಮಲೆಯಲ್ಲಿ ಈ ಹಕ್ಕಿಯ ಸಂತಾನ ಪಾಲನೆಯನ್ನು ದಿವ್ಯಾ ಮುದ್ದಪ್ಪ ದಾಖಲಿಸಿದ್ದಾರೆ. ಅಡಿಕೆ ಮರದಲ್ಲಿ ಅಂಥ ಪೊಟರೆ ಆಗದು. ಕುಮ್ಕಿಯ ಒಂದು ಮುದಿ ಬೋಗಿಯನ್ನೋ ಕಾಟುಮಾವನ್ನೋ ಕಡಿದರೆ ಮಂಗಟ್ಟೆಗೆ ಹೋಗುವುದು ಹೆರಿಗೆ ಮನೆಯೇ.

ನವರಂಗದ ಕಥೆ ಬೇರೆ. ಹಿಮಾಲಯದ ತಪ್ಪಲಿನಲ್ಲೂ ಮಧ್ಯಭಾರತದಲ್ಲೂ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಇದು ನೆಲದ ಹಕ್ಕಿ. ತರಗೆಲೆ ಮಗುಚಿ ಹುಳ ಹೆಕ್ಕುತ್ತದೆ. ತೋಟದ ನೆಲಕ್ಕೆ ಕಳೆನಾಶಕ ಹೊಡೆದು ನುಣ್ಣಗೆ ಮಾಡಿದಲ್ಲಿ ಅದು ಇಳಿಯುವುದಾದರೂ ಏತಕ್ಕೆ? ಕಾಜಾಣಗಳದ್ದು ಇನ್ನೊಂದು ಬಗೆ. ಶ್ರೀಲಂಕಾದಲ್ಲಿ ಎಬೆನ್ ಗುಡೇಲ್ ಮತ್ತು ಶರತ್ ಕೋಟಗಮ ಭೀಮರಾಜನ ಬಳಗದ ಕಾಜಾಣದ ದನಿಯನ್ನು ಕಾಡಿನಲ್ಲಿ ಕೇಳಿಸಿ ನೋಡಿದರು. ಬೇರೆ ಹಕ್ಕಿಗಳನ್ನು ಅನುಕರಿಸುವ ದನಿ ಸೇರಿದ್ದಾಗ ಹೆಚ್ಚು ಹಕ್ಕಿಗಳು ಹತ್ತಿರ ಬಂದವು. ಹಲವು ಜಾತಿಗಳು ಒಟ್ಟಾಗಿ ಮೇಯುವ ತಂಡವನ್ನು ಕೂಡಿಸುವ ಉಪಾಯ ಅದು. ಕೂಗಿ ಕರೆದರೂ ಬರುವವರು ಇಲ್ಲದ ಗುಡ್ಡೆಯಲ್ಲಿ ಆ ಜಾಣತನಕ್ಕೆ ಕೆಲಸವಿಲ್ಲ.

ಈಗ ಕುಮ್ಕಿಯ ಕಾವಲೇ ಸಡಿಲಿದೆ. ಹಟ್ಟಿಯಲ್ಲಿ ದನ ಕಡಿಮೆಯಾದವು, ಸೊಪ್ಪು ಕಡಿಯಲು ಆಳಿಲ್ಲ, ಚೀಲದ ಗೊಬ್ಬರ ಅಂಗಡಿಯಲ್ಲಿ ಸಿಗುತ್ತದೆ. ಅಗತ್ಯ ಹೋದಮೇಲೆ ಗುಡ್ಡೆಯಲ್ಲಿ ರಬ್ಬರ್ ಬಂತು, ಕೆಂಪುಕಲ್ಲಿನ ಕೋರೆ ಬಂತು, ಜೆಸಿಬಿ ಹತ್ತಿತು. ತಗ್ಗಿನ ಗದ್ದೆಗಳೂ ತೋಟವಾದವು. ಬೈಲು, ಮಜಲು, ಬೆಟ್ಟು ಎಂಬ ಗದ್ದೆಗಳ ವಿಂಗಡಣೆ ಸಂಗಬೆಟ್ಟುವಿನಂಥ ಊರ ಹೆಸರುಗಳಲ್ಲಷ್ಟೇ ಉಳಿಯುವ ಕಾಲ ಬಂದಿದೆ.

ಹಾಗೆಂದು ರಬ್ಬರ್ ಬೆಳೆದವರನ್ನು ದೂರುವುದು ನ್ಯಾಯವಲ್ಲ. ಕೃತಿ ಕಾರಂತ ಮತ್ತು ಸಂಗಡಿಗರು 2013ರಿಂದ 2015ರವರೆಗೆ ಕರ್ನಾಟಕದ ಘಟ್ಟಸೀಮೆಯ 187 ಕಾಫಿ, ರಬ್ಬರ್, ಅಡಿಕೆ ತೋಟಗಳಲ್ಲಿ ಹಕ್ಕಿ ಎಣಿಸಿದಾಗ ಒಟ್ಟು 204 ಜಾತಿಗಳು ಸಿಕ್ಕವು. ಅವುಗಳಲ್ಲಿ 13 ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತ. ನೆರಳುಮರಗಳ ಕಾಫಿ ಎಲ್ಲಕ್ಕಿಂತ ಮುಂದಿತ್ತು. ಆದರೂ ಒಂದೇ ಬೆಳೆಯ ತೋಟಗಳಲ್ಲೂ ತೋಟದಿಂದ ತೋಟಕ್ಕೆ ಬಹಳ ವ್ಯತ್ಯಾಸವಿತ್ತು. ಅಂದರೆ ತೋಟವನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದರಲ್ಲಿ ಬೆಳೆಗಾರನ ಕೈಯಲ್ಲಿ ಇನ್ನೂ ಬಹಳಷ್ಟಿದೆ.

ಕೃಷಿಕರ ದೂರಿಗೂ ಉತ್ತರ ಸಿಗಬೇಕಾದದ್ದು ಇಂಥ ಎಣಿಕೆಯಿಂದಲೇ. ನವಿಲು ಹೆಚ್ಚಾಗಿದೆ, ತರಕಾರಿ ಉಳಿಯುತ್ತಿಲ್ಲ ಎನ್ನುವವರ ಮಾತು ಸುಳ್ಳಲ್ಲ. ದೇಶದ 942 ಜಾತಿಗಳನ್ನು ಪರಿಶೀಲಿಸಿದ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯೂ ನವಿಲಿನ ಸಂಖ್ಯೆ ಏರುತ್ತಿದೆ ಎಂದಿದೆ. ಆದರೆ ಯಾವ ಊರಲ್ಲಿ ಎಷ್ಟು, ಯಾವಾಗಿನಿಂದ ಎಂಬ ದಾಖಲೆ ಇಲ್ಲದೆ ಪರಿಹಾರ ಕೇಳುವುದು ಕಷ್ಟ.

ಗಡಿಯಾಚೆಯ ಕಾಸರಗೋಡಿನದು ಇದೇ ಕೆಂಪುಕಲ್ಲಿನ ನೆಲ, ಇದೇ ಅಡಿಕೆ, ಇದೇ ತುಳು ಮಾತು. ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಕಾಸರಗೋಡೂ ಸೇರಿದಂತೆ ಇಡೀ ರಾಜ್ಯದ ಹಕ್ಕಿ ನಕ್ಷೆ ಮಾಡಿದರು. ಸುಮಾರು 3 ಲಕ್ಷ ದಾಖಲೆ, 361 ಜಾತಿ. ದುಬಾರಿ ಉಪಕರಣವೇನೂ ಅದಕ್ಕೆ ಬೇಕಾಗಲಿಲ್ಲ. ನಿಗದಿತ ಜಾಗ, ನಿಗದಿತ ಸಮಯ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ಎಣಿಕೆ, ಇಷ್ಟೇ.

ಮೂಡುಬಿದಿರೆಯಂಥ ವಿದ್ಯಾಕೇಂದ್ರ ಪಕ್ಕದಲ್ಲಿರುವಾಗ, ಸಿದ್ಧಕಟ್ಟೆ ಸುತ್ತಿನ ಹತ್ತು ಗ್ರಾಮಗಳಲ್ಲಿ ಇಂಥ ಎಣಿಕೆ ಶುರುಮಾಡುವುದು ಕಷ್ಟವಲ್ಲ. ಹಕ್ಕಿಯ ಹೆಸರು ತಿಳಿದ ವಿದ್ಯಾರ್ಥಿಯೂ, ಗುಡ್ಡೆಯ ಪ್ರತಿ ಮರ ಬಲ್ಲ ಹಿರಿಯ ಕೃಷಿಕರೂ ಜೊತೆಯಾಗಿ ನಡೆದು ಹಕ್ಕಿ, ಮರಗಳ ಪಟ್ಟಿ ಮಾಡಬೇಕು. ಪಂಚಾಯತಿಯಲ್ಲಿ ಆ ಪಟ್ಟಿ ಸರ್ವೆ ನಂಬರಿನೊಂದಿಗೆ ಇರಬೇಕು, ಕನ್ನಡದಲ್ಲಿ. ಸರ್ಕಾರ ಕುಮ್ಕಿಯನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಟ್ಟರೂ ಗುಡ್ಡೆಯ ಮರಗಳನ್ನು ಉಳಿಸಬೇಕೆಂಬುದು ಮೊದಲ ಷರತ್ತಾಗಬೇಕು. ಕುಮ್ಕಿಯ ಕಡತ ಮುಂದಿನ ಸಲ ಮೇಜಿನ ಮೇಲೆ ಬಂದಾಗ ಪಹಣಿ, ನಕ್ಷೆಗಳ ಜೊತೆಗೆ ಮಂಗಟ್ಟೆ ಮರಿ ಮಾಡಿದ ಮರದ ಗುರುತೂ ಅದರಲ್ಲಿರಲಿ.