ಸತ್ತವರು ಕಡತದಲ್ಲಿಲ್ಲ!

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಸತ್ತವರು 24 ಜನ. ಸಿಲಿಂಡರು ಬರಬೇಕಾಗಿದ್ದುದು ಮೈಸೂರಿನಿಂದ. ಎರಡು ಜಿಲ್ಲೆಗಳ ಅಧಿಕಾರಿಗಳು ಒಬ್ಬರ ಮೇಲೊಬ್ಬರು ಹೊರೆ ಹಾಕುತ್ತ ಕುಳಿತರು. ಮಂತ್ರಿಗಳೋ, ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂದು ಲೆಕ್ಕ ಒಪ್ಪಿಸಿದರು! ಹೈಕೋರ್ಟು ನೇಮಿಸಿದ ಸಮಿತಿ ಅದೇ ತಿಂಗಳು, ಆಮ್ಲಜನಕದ ಕೊರತೆಯೇ ಸಾವುಗಳಿಗೆ ಕಾರಣವೆಂದಿತು.

ಜುಲೈ 20ರಂದು ರಾಜ್ಯಸಭೆಯಲ್ಲಿ ಪ್ರಶ್ನೆ ಬಂತು. ಕೇಂದ್ರ ಸರ್ಕಾರದ ಉತ್ತರವೇನು? ಆರೋಗ್ಯ ರಾಜ್ಯಗಳಿಗೆ ಸೇರಿದ ವಿಷಯ. ಆಮ್ಲಜನಕದ ಕೊರತೆಯಿಂದ ಸತ್ತರೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗ ಹುಟ್ಟಿಯೇ ಇಲ್ಲವೆನ್ನುವ ಹೆಡ್‌ಮಾಸ್ತರರನ್ನು ನಾನು ಬಲ್ಲೆ. ಅವರು ಎಷ್ಟೋ ವಾಸಿ.

ಗಿರಣಿ ಕಾರ್ಮಿಕನ ಸಂಬಳದಲ್ಲಿ ಇ.ಎಸ್.ಐ.ಗೆಂದು ನೂರಕ್ಕೆ ಮುಕ್ಕಾಲು ರೂಪಾಯಿ ಮುರಿಯುತ್ತಾರೆ. ಅಂಗಡಿಯವನ ತೆರಿಗೆ ಒಂದು ದಿನ ತಡವಾದರೆ ದಂಡ. ಕೊಡುವ ಲೆಕ್ಕದಲ್ಲಿ ಸರ್ಕಾರಕ್ಕೆ ಹದ್ದಿನ ಕಣ್ಣು. ಹೆಣದ ಲೆಕ್ಕಕ್ಕೆ ಬಂದಾಗ ಮಾತ್ರ ಕುರುಡು.

ಚಾಮರಾಜನಗರ ದೂರವೆಂದು ಸುಮ್ಮನಿರಬೇಡಿ. ನಮ್ಮ ಜಿಲ್ಲಾ ಆಸ್ಪತ್ರೆಯ ಆಮ್ಲಜನಕ ಎಷ್ಟು ಗಂಟೆಗೆ ಸಾಕು? ಮುಗಿಯುವ ಮುನ್ನ ಯಾರು ಯಾರಿಗೆ ತಿಳಿಸಬೇಕು? ಡಾಕ್ಟರು, ನರ್ಸುಗಳ ಎಷ್ಟು ಹುದ್ದೆ ಖಾಲಿ? ನಮ್ಮ ಶಾಸಕರು ಬರುವ ಅಧಿವೇಶನದಲ್ಲಿ ಇವನ್ನು ಚುಕ್ಕೆ ಗುರುತಿನ ಪ್ರಶ್ನೆಗಳಾಗಿ ಕೇಳಲಿ. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದರೆ, ಅದನ್ನು ಗಿರಣಿಯ ಗೇಟಿನಲ್ಲಿ, ಪಾಳಿ ಬದಲಾಗುವ ಹೊತ್ತಿಗೆ, ಅವರೇ ಬಂದು ಓದಿ ಹೇಳಲಿ.